ನೀರಣ್ಣ ಮತ್ತು ಅಕ್ಕನ ನಿಂಬೆಗಿಡ

ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಎದುರಿಗೆ ಸಿಕ್ಕಾಗ ನೀರಣ್ಣ, ಬೆನ್ನ ಹಿಂದೆ ಬೇರೆ ಏನೇನೋ. ನೀರು ಸರಬರಾಜು ಕಚೇರಿಯಲ್ಲಿ ಬೀದಿ ಬೀದಿಗೆ ನೀರು ಬಿಡುವ ಕೆಲಸ ಅವರದು. ಭುಜದ ಮೇಲೆ ಉದ್ದನೆಯ ಕಬ್ಬಿಣದ ಕೀಲಿ ಹೊತ್ತು ಬಂದು, ರಸ್ತೆ ನಡುವಿನ ಮುಚ್ಚಳ ಎತ್ತಿ, ಒಳಗಿನ ವಾಲ್ವ್ ತಿರುಗಿಸಿದರೆ ನಮ್ಮ ನಲ್ಲಿಗಳು ಕೆಮ್ಮಲು ಶುರುಮಾಡುತ್ತಿದ್ದವು. ಮತ್ತೆ ಬಂದು ತಿರುಗಿಸಿದರೆ ಅಲ್ಲಿಗೆ ಕಥೆ ಮುಗಿಯಿತು. ತಲೆಗೆ ಸೋಪು ಹಚ್ಚಿಕೊಂಡಿದ್ದವರು ಹಾಗೆಯೇ ಕಿಟಕಿಗೆ ಬಂದು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ನಾನೂ ಬೈದವರಲ್ಲಿ ಒಬ್ಬ. ನೀರಣ್ಣ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು: "ಮೇಲಿಂದ ಬಂದಷ್ಟು ಬಿಡ್ತೀನಿ ಸ್ವಾಮಿ. ನಾನೇನು ಮನೇಲಿ ಕೂಡಿಟ್ಕೊಂಡಿದೀನಾ?"

ಕೆಲಸದಲ್ಲಿದ್ದಷ್ಟು ಕಾಲವೂ ಅವರು ಸಾಕಾಗುವಷ್ಟು ನೀರು ಕೊಟ್ಟರು ಎಂದು ಒಬ್ಬನೇ ಒಬ್ಬ ಹೇಳಲಿಲ್ಲ. ನಿವೃತ್ತಿಯಾದ ಮೇಲೆ ಅವರು ತಾರಸಿಯಲ್ಲಿ ತರಕಾರಿ ಬೆಳೆಯಲು ಶುರುಮಾಡಿದರು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮುಂದೆ ನಡೆದದ್ದು ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ.

ಅವರ ತಾರಸಿಗೂ ನನ್ನ ತಾರಸಿಗೂ ನಡುವೆ ಮೊಣಕಾಲೆತ್ತರದ ಗೋಡೆ. ನಾನು ಬಟ್ಟೆ ಒಣಹಾಕಲು ಹೋದಾಗಲೆಲ್ಲ ಅವರು ಅಲ್ಲಿರುತ್ತಿದ್ದರು, ಕೈಯಲ್ಲಿ ಪೈಪು. ಬಣ್ಣದ ಖಾಲಿ ಡಬ್ಬ, ಹಿಡಿ ಮುರಿದ ಬಕೆಟ್ಟು, ಯಾರೋ ಕಿತ್ತೆಸೆದ ಪಾತ್ರೆ ತೊಳೆಯುವ ಸಿಂಕು, ಎಲ್ಲದರಲ್ಲೂ ಮಣ್ಣು ತುಂಬಿ ಟೊಮೇಟೊ, ಬದನೆ, ಮೆಣಸಿನಕಾಯಿ, ಹುರುಳಿಕಾಯಿ ಹಾಕಿದ್ದರು. ಗಿಡಗಳಿಗೆ ಬಾರದ ಕಾಯಿಲೆ ಇರಲಿಲ್ಲ. ಟೊಮೇಟೊ ಹಣ್ಣಿನ ತಳ ಕಪ್ಪಾದರೆ ಮೊಟ್ಟೆ ಸಿಪ್ಪೆ ಕುಟ್ಟಿ ಹಾಕುವರು. ಮೆಣಸಿನ ಎಲೆ ಮುದುಡಿದರೆ ಸೋಪಿನ ನೀರು ಸಿಂಪಡಿಸುವರು. ಮೊಳಕೆಗಳು ಕುತ್ತಿಗೆ ಮುರಿದು ಬಿದ್ದರೆ ಬೀಜದ ಅಂಗಡಿಯವನನ್ನು ಬೈದು ಅಂಗಡಿ ಬದಲಾಯಿಸುವರು. ಮಣ್ಣಿನಿಂದ ಸಣ್ಣ ಕಪ್ಪು ನೊಣಗಳು ಎದ್ದರೆ ಹಳದಿ ಅಂಟುಕಾಗದ ನೇತುಹಾಕುವರು. ಒಮ್ಮೆ ಬದನೆಯ ಬಕೆಟ್ಟಿನಲ್ಲಿ ಅಣಬೆ ಎದ್ದಾಗ "ನೋಡಿ, ಒಂದಕ್ಕೆ ಎರಡು ಬೆಳೆ" ಎಂದು ನನ್ನನ್ನು ಕರೆದು ತೋರಿಸಿದರು. ಯಾವ ಔಷಧಿ ಮಾಡಿದರೂ ಕೊನೆಗೆ ಮೇಲೊಂದು ಚೊಂಬು ನೀರು ಬೀಳಲೇಬೇಕು. ಗಿಡವೊಂದು ಬಾಯಾರಿಕೊಂಡು ನಿಂತಿದೆ ಎಂಬ ಯೋಚನೆಯನ್ನೇ ಅವರು ತಡೆದುಕೊಳ್ಳಲಾರರು.

ಅವರ ಹೆಂಡತಿ ಮಾತ್ರ ಆಗಾಗ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದರು. "ರೀ, ಬದನೆ ಗಿಡಕ್ಕೆ ಈಜು ಕಲಿಸಿದ್ದು ಮುಗೀತಾ? ಊಟಕ್ಕೆ ಬನ್ನಿ."

ಬೀದಿಯವರಿಗೂ ನೀರಣ್ಣ ಪುಕ್ಕಟೆ ಸಲಹೆ ಕೊಡುತ್ತಿದ್ದರು. ಅವರ ಮಾತು ಕೇಳಿ ನನ್ನ ಪುದೀನ ಕಪ್ಪಾಗಿ ಕೊಳೆತುಹೋಯಿತು. ನಾನು ತುಟಿಪಿಟಕ್ಕೆನ್ನದೆ ಅದನ್ನು ಕಸದ ಗಾಡಿಗೆ ಹಾಕಿದೆ. ವರ್ಷಗಟ್ಟಲೆ ನೀರು ಸಾಲದು ಎಂದು ಕೂಗಾಡಿದವನು ಈಗ ಜಾಸ್ತಿಯಾಯಿತು ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು?

ಹೀಗಿರುವಾಗ ಅವರ ಅಕ್ಕ ಬಂದರು. ಸಣ್ಣ ಲಗೇಜು ಗಾಡಿಯಲ್ಲಿ ಒಂದು ಟ್ರಂಕು, ಒಂದು ಮಡಚುವ ಮಂಚ, ಅರ್ಧಕ್ಕೆ ಕತ್ತರಿಸಿದ ನೀಲಿ ಡ್ರಮ್ಮಿನಲ್ಲಿ ಒಂದು ನಿಂಬೆಗಿಡ. ಅಕ್ಕ ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಮೇಲ್ವಿಚಾರಕಿಯಾಗಿದ್ದವರು. ಮದುವೆಯಾಗಲಿಲ್ಲ. ಬಾಡಿಗೆಯ ಒಂದೇ ಕೋಣೆಯಲ್ಲಿ ಒಬ್ಬರೇ ಇದ್ದರು. ಆ ಕಟ್ಟಡವನ್ನು ಕೆಡವುತ್ತಾರೆಂದು ಖಾಲಿ ಮಾಡಬೇಕಾಗಿ ಬಂದಿತ್ತು. ತಾಯಿ ತೀರಿಕೊಂಡಾಗ ನೀರಣ್ಣ ಇನ್ನೂ ಚಡ್ಡಿ ಹಾಕುವ ಹುಡುಗ. ಅಂದಿನಿಂದ ಅವರನ್ನು ಸಾಕಿ, ಓದಿಸಿ, ಯಾರ ಯಾರ ಬಾಗಿಲಲ್ಲೋ ಕಾದು ನಿಂತು ನೀರಿನ ಕಚೇರಿಯ ಕೆಲಸ ಕೊಡಿಸಿದವರು ಇದೇ ಅಕ್ಕ.

ಡ್ರಮ್ಮನ್ನು ತಾರಸಿಗೆ ಹೊರಲು ನನ್ನನ್ನೂ ಕರೆದಿದ್ದರು. ಬೀದಿ ಕಡೆಯ ಮೂಲೆಯಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆಂದು ಅಲ್ಲಿ ಇಟ್ಟಿಗೆ ಜೋಡಿಸಿ ಅದರ ಮೇಲೆ ಇಟ್ಟೆವು. ಗಟ್ಟಿಮುಟ್ಟಾದ ಗಿಡ. ಎಲೆ ಕಡುಹಸಿರು, ಕೊಂಬೆಯಲ್ಲಿ ಮುಳ್ಳು. ಕೆಳಗಿಳಿದಾಗ ನೀರಣ್ಣ ಬೆವರು ಒರೆಸಿಕೊಳ್ಳುತ್ತ, "ಇನ್ನು ನೀನು ಎಲ್ಲೂ ಹೋಗೋ ಹಾಗಿಲ್ಲ ಅಕ್ಕ" ಎಂದರು.

"ಮೊದಲು ಗಿಡ ಒಗ್ಗಲಿ ಕಣೋ. ಅದು ಇಲ್ಲಿ ಹೂ ಬಿಟ್ರೆ ನಾನೂ ಇಲ್ಲೇ ಇರ್ತೀನಿ. ಇಲ್ಲಾಂದ್ರೆ ಲಾಂಡ್ರೀಲಿ ಜೊತೆಗಿದ್ದವಳು ಕರೀತಾನೇ ಇದಾಳೆ. ಅವಳ ಮನೇಲಿ ಒಂದು ಕೋಣೆ ಖಾಲಿ ಇದೆ."

ನಾವೆಲ್ಲ ನಕ್ಕೆವು. ನೀರಣ್ಣ ನಗಲಿಲ್ಲ. ಸಂಜೆ ಗೋಡೆಯ ಹತ್ತಿರ ಬಂದು ನನಗೆ ಹೇಳಿದರು: "ಅಕ್ಕ ತಮಾಷೆಗೆ ಹೇಳಿದ್ದನ್ನೆಲ್ಲ ಮಾಡಿದೋಳು. ಆ ಗಿಡ ಹೂ ಬಿಡಲೇಬೇಕು. ನನಗೋಸ್ಕರ ಅವಳು ಜೀವ ತೇಯ್ದಳು, ನಾನು ಅವಳಿಗೆ ತಿರುಗಿ ಏನೂ ಮಾಡಿಲ್ಲ. ಇನ್ನಾದ್ರೂ ನನ್ನ ಕಣ್ಣ ಮುಂದೆ ಇರಬೇಕು."

ಮಾರನೆಯ ದಿನದಿಂದಲೇ ಅವರು ಅಕ್ಕನ ಸೇವೆಗೆ ನಿಂತುಬಿಟ್ಟರು. ಅಕ್ಕನಿಗೆ ಮಂಡಿನೋವು, ಮೆಟ್ಟಿಲು ಹತ್ತಕೂಡದು. ಅಕ್ಕ ಅಡುಗೆಮನೆಗೆ ಬಂದರೆ ಕುರ್ಚಿ ಹಿಂದೆಯೇ ಬರುತ್ತಿತ್ತು. ಅವರು ಲೋಟಕ್ಕೆ ಕೈ ಚಾಚುವ ಮುಂಚೆ ಇವರು ತುಂಬಿಸಿ ಕೊಡುತ್ತಿದ್ದರು. "ಅತ್ತಿಗೆ ಬಂದದ್ದು ನನಗೂ ಅನುಕೂಲ, ಅವರಿಗೆ ಮಾಡಿದ ಟೀಯಲ್ಲಿ ಮಿಕ್ಕಿದ್ದು ನನಗೂ ಸಿಗುತ್ತೆ" ಎಂದು ಅವರ ಹೆಂಡತಿ ನಗುತ್ತಿದ್ದರು. ಇಡೀ ಬೀದಿ ಹೊಗಳಿತು. ತಮ್ಮ ಅಂದರೆ ಹೀಗಿರಬೇಕು ಎಂದು ನಾನೂ ಹೇಳಿದೆ. ಒಂದು ಬೆಳಿಗ್ಗೆ ಅಕ್ಕ ಅಂಗಳ ಗುಡಿಸಲು ಪೊರಕೆ ಎತ್ತಿಕೊಂಡಿದ್ದು, ನೀರಣ್ಣ ಓಡಿಬಂದು ಅದನ್ನು ಕಸಿದುಕೊಂಡಿದ್ದು ಕಂಡಿತು. ಅಕ್ಕ ಸ್ವಲ್ಪ ಹೊತ್ತು ತಮ್ಮ ಖಾಲಿ ಕೈಯನ್ನು ನೋಡಿಕೊಂಡು ನಿಂತಿದ್ದರು. ಆಮೇಲೆ ಒಳಗೆ ಹೋದರು.

"ಗಿಡ ನೋಡ್ಬೇಕಲ್ಲೋ" ಎಂದು ಅವರು ಕೇಳುತ್ತಲೇ ಇದ್ದರು.

"ನಾನಿಲ್ವಾ ಅಕ್ಕ? ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ತಾ ಇದೀನಿ. ನೀನು ಮೆಟ್ಟಿಲಿಗೆ ಕಾಲಿಡ್ಬೇಡ."

ಡ್ರಮ್ಮು ಇದ್ದ ಮೂಲೆಯ ಕೆಳಗೆ, ಮನೆಯ ಮುಂದಿನ ಕೋಣೆಯಲ್ಲಿ, ಬಾಡಿಗೆಗೆ ಒಬ್ಬ ಟೈಲರ್ ಅಂಗಡಿ ಇಟ್ಟುಕೊಂಡಿದ್ದ. ನೀರಣ್ಣ ಡ್ರಮ್ಮಿಗೆ ಹಾಕಿದ ನೀರು ಬುಡದ ಸುತ್ತಲಿನ ತೂತುಗಳಿಂದ ಹರಿದು, ತಾರಸಿಯ ಬಿರುಕಿನಲ್ಲಿ ಇಳಿದು, ಟೈಲರ್ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ತೊಟ್ಟಿಕ್ಕತೊಡಗಿತು. ಯಾರದೋ ಮದುವೆ ಕೋಟಿನ ಬಟ್ಟೆಯ ಮೇಲೆ ಕೆಂಪುಮಣ್ಣಿನ ಕಲೆ ಬಿದ್ದ ದಿನ ಅವನು ಆ ಬಟ್ಟೆಯನ್ನು ಎತ್ತಿ ಹಿಡಿದುಕೊಂಡೇ ಅಂಗಳಕ್ಕೆ ಬಂದ.

"ನೀರಣ್ಣ, ನೀವು ಕೆಲಸದಲ್ಲಿದ್ದಾಗ ನನ್ನ ಅಂಗಡಿ ನಲ್ಲೀಲಿ ಒಂದು ಹನಿ ಬರ್ತಿರಲಿಲ್ಲ. ಈಗ ನೋಡಿದ್ರೆ ಸೂರಿಂದ ಬರ್ತಾ ಇದೆ!"

ಬೇರೆ ಯಾರಾದರೂ ಆಗಿದ್ದರೆ ಡ್ರಮ್ಮಿನ ಕೆಳಗೆ ಒಂದು ತಟ್ಟೆ ಇಡುತ್ತಿದ್ದರು, ಅಥವಾ ಬಿರುಕಿಗೆ ಸಿಮೆಂಟು ಬಳಿಸುತ್ತಿದ್ದರು. ನೀರಣ್ಣನ ಕಣ್ಣಿಗೆ ಕಂಡದ್ದು ಸೋರಿಕೆ. ಸೋರಿಕೆ ಎಂದರೆ ಅವರ ಕಚೇರಿಯಲ್ಲಿ ಕಳ್ಳತನಕ್ಕೆ ಸಮ. ಅದನ್ನು ಹುಡುಕಿ ನಿಲ್ಲಿಸುವುದರಲ್ಲಿ ಅವರದು ಎತ್ತಿದ ಕೈ ಎಂದು ಅಧಿಕಾರಿಗಳೇ ಒಪ್ಪಿಕೊಂಡಿದ್ದರಂತೆ. ಆ ಮಧ್ಯಾಹ್ನ ಅವರು ಮರದ ಚೂರುಗಳನ್ನು ಬಿರಡೆಯಂತೆ ಕೆತ್ತಿ, ನೂಲು ಸುತ್ತಿ, ಕೊಳಾಯಿ ಕೆಲಸದವರು ಹಚ್ಚುವ ಬಿಳಿ ಪೇಸ್ಟು ಬಳಿದು, ಡ್ರಮ್ಮಿನ ಬುಡದ ಒಂದೊಂದು ತೂತಿಗೂ ಬಡಿದು ಕೂರಿಸಿದರು. ಕೈ ತೊಳೆದುಕೊಂಡು, "ಇನ್ನು ಒಂದು ಹನಿ ಆಚೆ ಬರಲಿ, ನೋಡೇಬಿಡೋಣ" ಎಂದರು. ಉತ್ಸಾಹದಲ್ಲಿ ಬದನೆ, ಟೊಮೇಟೊ ಬಕೆಟ್ಟುಗಳಿಗೂ ಅದೇ ಗತಿ ಕಾಣಿಸಿದರು.

ಕೆಲಸ ಅಚ್ಚುಕಟ್ಟಾಗಿತ್ತು, ಅದನ್ನು ಹೇಳಲೇಬೇಕು. ಒಂದು ಹನಿಯೂ ಬರಲಿಲ್ಲ. ಟೈಲರನ ಸೂರು ಒಣಗಿತು, ಅವನು ನೀರಣ್ಣನ ಹಳೆಯ ಪ್ಯಾಂಟಿಗೆ ಪುಕ್ಕಟೆ ಜಿಪ್ಪು ಹಾಕಿಕೊಟ್ಟ. ಆ ತೂತುಗಳನ್ನು ಗಿಡದ ಸಲುವಾಗಿಯೇ ಕೊರೆದದ್ದು ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆಯಬಹುದಾಗಿದ್ದವರು ಒಬ್ಬರೇ, ಅಕ್ಕ. ಅವರು ಕೆಳಗೆ ಕುರ್ಚಿಯಲ್ಲಿ ಕೂತಿದ್ದರು.

ನಿಂಬೆಯ ಎಲೆ ಮೊದಲು ಹಳದಿಯಾಯಿತು. ಆಮೇಲೆ ಬಿಸಿಲಿರಲಿ ನೆರಳಿರಲಿ ಜೋತುಬೀಳತೊಡಗಿತು. ಜೋತುಬಿದ್ದ ಎಲೆಗೆ ನೀರಣ್ಣನ ಲೆಕ್ಕದಲ್ಲಿ ಒಂದೇ ಅರ್ಥ. ಬೆಳಿಗ್ಗೆ ಮಾತ್ರ ಹಾಕುತ್ತಿದ್ದ ನೀರನ್ನು ಸಂಜೆಗೂ ಹಾಕಿದರು, ಬಿಸಿಲೇರಿದಾಗ ಇನ್ನೊಮ್ಮೆ. ಮೇಲ್ಮಣ್ಣು ಅವರು ದಿನಾ ಸುರಿಯುವ ಒಣ ಗೊಬ್ಬರದಿಂದ ಪುಡಿಪುಡಿಯಾಗಿ ಕಾಣುತ್ತಿತ್ತು, ಅದಕ್ಕೇ ಇನ್ನಷ್ಟು ಹಾಕಿದರು. ಒಂದು ಎಲೆಯನ್ನು ಜೇಬಿನಲ್ಲಿಟ್ಟುಕೊಂಡು ಗಿಡ ಮಾರುವ ನರ್ಸರಿಗೂ ಹೋಗಿಬಂದರು. ಅಲ್ಲಿಯವನು ಎಲೆ ತಿರುಗಿಸಿ ನೋಡಿ, "ನೀರು ಸರಿಯಾಗಿ ಹಾಕ್ತೀರಾ?" ಎಂದನಂತೆ. "ಅದರಲ್ಲಿ ಎಳ್ಳಷ್ಟೂ ಕೊರತೆ ಇಲ್ಲ" ಎಂದರಂತೆ ಇವರು. "ಹಾಗಾದ್ರೆ ಬೇರಿಗೆ ಹುಳ ಬಿದ್ದಿರಬೇಕು. ಮಣ್ಣು ಕೆದಕಿ ನೋಡಿ, ಈ ಪುಡಿ ಹಾಕಿ" ಎಂದು ಅವನು ಒಂದು ಪೊಟ್ಟಣ ಕೊಟ್ಟು ಕಳಿಸಿದ.

ಪುಡಿ ತಂದರೂ ನೀರಣ್ಣ ಕೆದಕಲು ಹಿಂಜರಿದರು. ಬೇರಿಗೆ ಪೆಟ್ಟಾದರೆ ಇರುವುದೂ ಹೋಗುತ್ತದೆ ಎಂಬ ಹೆದರಿಕೆ. ಅಕ್ಕ ಕೇಳಿದಾಗಲೆಲ್ಲ "ಚಿಗುರ್ತಾ ಇದೆ" ಎಂದು ಸುಳ್ಳು ಹೇಳುತ್ತಿದ್ದರು. ಗಾಳಿಗೆ ಹಾರಿ ಅಂಗಳಕ್ಕೆ ಬಿದ್ದ ಹಳದಿ ಎಲೆಯನ್ನು ಒಂದು ದಿನ ಅಕ್ಕ ಎತ್ತಿ, ಹಿಸುಕಿ, ಮೂಸಿ ನೋಡಿದರಂತೆ. ಹಳೇ ಎಲೆ ಉದುರುವುದು ಇದ್ದದ್ದೇ ಎಂದು ಇವರು ಮಾತು ಹಾರಿಸಿದರಂತೆ. ಅಷ್ಟರಲ್ಲಿ ಲಾಂಡ್ರಿ ಗೆಳತಿಯ ಫೋನು ಬಂತು. ಕೋಣೆಗೆ ಬೇರೆಯವರು ಕೇಳುತ್ತಿದ್ದಾರೆ, ಬರುವುದಾದರೆ ಈ ತಿಂಗಳೇ ಹೇಳು ಎಂದಿದ್ದಳು. ಅಕ್ಕ ಅದನ್ನು ತಮ್ಮನಿಗೆ ಹೇಳಿದರು. ನೀರಣ್ಣ ನನ್ನೊಡನೆ ಅದನ್ನು ಹೇಳುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಮಾರನೆಯ ದಿನ ನಾನು ಬಟ್ಟೆ ಹರವುತ್ತಿದ್ದೆ. ನೀರಣ್ಣ ಕೊನೆಗೂ ಧೈರ್ಯ ಮಾಡಿ ಡ್ರಮ್ಮಿನ ಮುಂದೆ ಕೂತು ಹುಳ ಹುಡುಕಲು ಮಣ್ಣಿಗೆ ಕೈ ಹಾಕಿದರು. ಮೇಲಿನ ಒಣಪುಡಿ ದಾಟಿದ್ದೇ ತಡ, ಕೈ ಮುಂಗೈವರೆಗೂ ಕೆಸರಿನಲ್ಲಿ ಹೂತುಹೋಯಿತು. ಅವರು ಅದನ್ನು ಎಳೆದಾಗ ಎದ್ದ ನಾತ ಗೋಡೆ ದಾಟಿ ನನ್ನ ತನಕ ಬಂತು. ಆ ನಾತ ಅವರಿಗೆ ಚೆನ್ನಾಗಿ ಪರಿಚಯದ್ದು. ಮುಂದಕ್ಕೆ ದಾರಿಯಿಲ್ಲದ ಕೊಳವೆಗಳಲ್ಲಿ ನೀರು ನಿಂತರೆ ಹೀಗೇ ಕೊಳೆಯುತ್ತದೆ, ಅದನ್ನು ಹೊರಕ್ಕೆ ಹರಿಸುವುದೇ ಅವರ ಕೆಲಸವಾಗಿತ್ತು.

"ನಿಂತ ನೀರು" ಎಂದರು, ಯಾರಿಗೂ ಅಲ್ಲ. ಎದ್ದು ಹೋಗಿ ಇಕ್ಕಳ ತಂದು ಒಂದು ಬಿರಡೆ ಕಿತ್ತರು. ಕಪ್ಪು ನೀರು ಅವರ ಎದೆಗೇ ಚಿಮ್ಮಿತು. ಇನ್ನೊಂದು ಕಿತ್ತರು, ಮತ್ತೊಂದು ಕಿತ್ತರು. ತಾರಸಿಯೆಲ್ಲ ಕಪ್ಪು ನೀರಾಗಿ, ಕೆಳಗೆ ಟೈಲರ್ ಲಬೋ ಲಬೋ ಎಂದು ಕೂಗಿಕೊಂಡು ಕತ್ತರಿ ಸಮೇತ ಓಡಿಬಂದ. ಅವನ ಹಿಂದೆ "ಬೇಡ ಅತ್ತಿಗೆ, ಬೇಡ" ಎನ್ನುವ ನೀರಣ್ಣನ ಹೆಂಡತಿಯ ದನಿ. ಅದರ ಮುಂದೆ, ಗೋಡೆಗೆ ಕೈಯೂರಿ ಒಂದೊಂದೇ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಅಕ್ಕ.

"ಅಕ್ಕ, ಮೆಟ್ಟಿಲು..." ಎಂದರು ನೀರಣ್ಣ.

"ಬಾಯಿ ಮುಚ್ಚು."

ಅಕ್ಕ ಮಣ್ಣಿಗೆ ಬೆರಳು ಹಾಕಿ ಮೂಸಿದರು. ಕೆಳಗೆ ಬಿದ್ದಿದ್ದ ಬಿರಡೆಯೊಂದನ್ನು ಎತ್ತಿ ನೋಡಿದರು. "ಇದನ್ನ ಯಾರು ಹೊಡೆದಿದ್ದು?"

ಟೈಲರ್ ಆಕಾಶ ನೋಡಿದ. ನಾನು ಬಟ್ಟೆಯ ಕ್ಲಿಪ್ಪು ಎಣಿಸತೊಡಗಿದೆ.

"ನಾನೇ" ಎಂದರು ನೀರಣ್ಣ. "ಸೋರ್ತಾ ಇತ್ತು."

"ಸೋರ್ಬೇಕು ಕಣೋ! ಸೋರಲಿ ಅಂತಾನೇ ಕೊರೆಸಿದ್ದು. ಬೇರಿಗೆ ಉಸಿರು ಬೇಡ್ವಾ?"

"ನಿನ್ನ ಗಿಡಾನ ನಾನೇ ಕೊಂದೆ ಅಕ್ಕ." ಎಲ್ಲರೆದುರಿಗೂ, ಕೆಸರು ಕೈಯಲ್ಲೇ ಮುಖ ಮುಚ್ಚಿಕೊಂಡು ಅವರು ಅತ್ತರು. ಆ ವಯಸ್ಸಿನ ಗಂಡಸು ಅಳುವುದನ್ನು ನೋಡುವುದು ನನಗೆ ಕಷ್ಟ, ಆದರೂ ಕೆಳಗಿಳಿದು ಹೋಗಲಿಲ್ಲ.

ಅಕ್ಕ ಸಮಾಧಾನ ಮಾಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಡ್ರಮ್ಮನ್ನು ಮಗ್ಗುಲಿಗೆ ಉರುಳಿಸಲು ಹೇಳಿದರು. ಗಿಡವನ್ನು ಹೊರಗೆಳೆದರೆ ಬೇರುಗಳು ಕಂದಾಗಿ, ಮುಟ್ಟಿದರೆ ಸಿಪ್ಪೆ ಜಾರುವಷ್ಟು ಕೊಳೆತಿದ್ದವು. ಗಟ್ಟಿಯಾಗಿ ಬೆಳ್ಳಗಿದ್ದವು ಒಂದು ಹಿಡಿಯಷ್ಟು. ಅಕ್ಕ ಕೈ ಚಾಚಿದರು, ಟೈಲರ್ ಮುಖ ಹುಳ್ಳಗೆ ಮಾಡಿಕೊಂಡು ತನ್ನ ಕತ್ತರಿ ಕೊಟ್ಟ. ಕೊಳೆತದ್ದನ್ನೆಲ್ಲ ಕತ್ತರಿಸಿ, ಉಳಿದ ಬೇರು ಸಾಕುವಷ್ಟೇ ಕೊಂಬೆ ಇರಲಿ ಎಂದು ಮೇಲೂ ಅರ್ಧ ಕತ್ತರಿಸಿದರು. ಡ್ರಮ್ಮಿನ ತಳಕ್ಕೆ ಇಟ್ಟಿಗೆ ಚೂರು, ಮೇಲೆ ಮರಳು ಬೆರೆಸಿದ ಹೊಸ ಮಣ್ಣು. ನಡುವೆ ಎರಡು ಸಲ ನೀರಣ್ಣ ಸಹಾಯಕ್ಕೆ ಎದ್ದರು. ಎರಡು ಸಲವೂ "ನೀನು ಕೂತ್ಕೋ" ಎಂದರು ಅಕ್ಕ. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವರ ಕೈಕೆಳಗಿದ್ದವರು ಹೇಗೆ ನಡುಗಿರಬಹುದು ಎಂದು ನನಗೆ ಅಂದು ಅರ್ಥವಾಯಿತು.

ಗಿಡ ಎಂದರೆ ಒಂದು ಬೋಳು ಕೋಲು ಅಷ್ಟೇ, ಅದು ನೀರಿನ ಟ್ಯಾಂಕಿನ ನೆರಳಿಗೆ ಹೋಯಿತು. ಅಕ್ಕ ಗೋಡೆಯ ಮೇಲೆ ಕೂತು ಮಂಡಿ ನೀವಿಕೊಂಡರು.

"ಹೂ ಬಿಡದಿದ್ರೆ ಹೋಗ್ತೀನಿ ಅಂದಿದ್ದೆ ನೀನು" ಎಂದರು ನೀರಣ್ಣ.

"ಬಿಟ್ರೂ ಹೋಗ್ತೀನಿ."

ನೀರಣ್ಣ ತಲೆಯೆತ್ತಿದರು.

"ಗಿಡದ ಮೇಲೆ ಹಾಕಿ ಮಾತಾಡ್ಬಾರ್ದಿತ್ತು ನಾನು. ಬಂದಾಗ ಇರೋಣ ಅಂತಾನೇ ಬಂದೆ. ಆದ್ರೆ ಇಲ್ಲಿ ನನ್ನ ಕೈಗೆ ಒಂದು ಕೆಲಸ ಇಲ್ಲ. ಲೋಟ ಎತ್ತಿದ್ರೆ ಕಿತ್ಕೋತೀಯ, ಪೊರಕೆ ಹಿಡಿದ್ರೆ ಕಿತ್ಕೋತೀಯ. ಒಂದಿಡೀ ಆಸ್ಪತ್ರೆ ಬಟ್ಟೇನ ಒಗೆಸಿದೋಳು ಕಣೋ ನಾನು. ನಿನ್ನ ಕುರ್ಚೀಲಿ ಕೂತೂ ಕೂತೂ ನನ್ನ ಕಾಲು ನನಗೇ ಮರೆತುಹೋಗ್ತಾ ಇದೆ. ಇವತ್ತು ಹತ್ತಿದೆ ನೋಡು. ನೋಯ್ತು, ಆದ್ರೂ ಹತ್ತಿದೆ. ಅಲ್ಲಿ ಅವಳಿಗೂ ಮಂಡಿನೋವು, ನನಗೂ ಮಂಡಿನೋವು. ಯಾರೂ ಯಾರನ್ನೂ ಕೂರ್ಸಲ್ಲ."

"ನನಗೆ ನೀನು ಬೇಕು ಅಕ್ಕ."

"ಗೊತ್ತು. ನನಗೂ ನೀನಲ್ಲದೆ ಇನ್ಯಾರಿದಾರೆ? ಅದಕ್ಕೇ ಓಡಿಹೋಗದೆ ಹೇಳಿ ಹೋಗ್ತಾ ಇದೀನಿ."

ಆಮೇಲಿನ ದಿನಗಳಲ್ಲಿ ನೀರಣ್ಣ ತಾರಸಿಗೆ ಬಂದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಿದ್ದರು. ಅಕ್ಕ ಹೇಳುವ ತನಕ ಆ ಕೋಲಿಗೆ ಹನಿ ನೀರು ಕೂಡದು ಎಂದು ಅಪ್ಪಣೆಯಾಗಿತ್ತು. ಹೆಂಡತಿ ಚೊಂಬನ್ನೂ ಪೈಪನ್ನೂ ಎಲ್ಲೋ ಬಚ್ಚಿಟ್ಟಿದ್ದರು. ಅಕ್ಕ ದಿನಾ ಮೆಟ್ಟಿಲು ಹತ್ತಿ ಬಂದು ಬೆರಳು ಹಾಕಿ ನೋಡಿ, ಬೇಕೆನಿಸಿದ ದಿನ ಒಂದು ಲೋಟ ಹಾಕಿ ಇಳಿಯುತ್ತಿದ್ದರು. ಅಷ್ಟರಲ್ಲಿ ಬಕೆಟ್ಟುಗಳ ಬಿರಡೆಗಳನ್ನೂ ಕಿತ್ತು, ಬಿರುಕಿಗೆ ಸಿಮೆಂಟು ಬಳಿದಾಗಿತ್ತು. ಒಂದು ಬೆಳಿಗ್ಗೆ ಅಕ್ಕ ಕೋಲಿನ ತೊಗಟೆಯನ್ನು ಉಗುರಿನಿಂದ ಗೀರಿದರು. ಒಳಗೆ ಹಸಿರಿತ್ತು. ತಮ್ಮನನ್ನು ಕರೆದು ತೋರಿಸಿ, "ಬೆರಳು ಹೇಗೆ ಹಾಕ್ಬೇಕು ಅಂತ ಕಲ್ತಿದೀಯಲ್ಲ? ಇನ್ನು ನೀನೇ ನೋಡ್ಕೋ" ಎಂದರು. ಅದರ ಮಾರನೆಯ ದಿನ ಹೊರಟರು.

ಟ್ರಂಕನ್ನೂ ಮಂಚವನ್ನೂ ಹಿಂದಿನ ದಿನವೇ ಗಾಡಿಯಲ್ಲಿ ಕಳಿಸಿಯಾಗಿತ್ತು. ಕೈಯಲ್ಲಿ ಉಳಿದದ್ದು ಒಂದು ಚೀಲ. ಬಸ್ಸು ನಿಲ್ಲುವುದು ಬೀದಿಯ ತಿರುವಿನ ಆಚೆ. ಚೀಲ ನಾನೇ ಹಿಡಿಯುತ್ತೇನೆ, ಬಸ್ಸಿನ ತನಕ ಯಾರೂ ಬರಬೇಡಿ ಎಂದು ಅಕ್ಕ ಬಾಗಿಲಲ್ಲೇ ಹೇಳಿಬಿಟ್ಟರು. ನಾವೆಲ್ಲ ನಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದೆವು. ನೀರಣ್ಣ ಗೇಟಿನ ಸರಳು ಹಿಡಿದು ನಿಂತಿದ್ದರು. "ಹೋಗ್ಬಾ ಅಕ್ಕ" ಎಂದದ್ದು ನನಗೆ ಕೇಳಿಸಿತು, ಅಕ್ಕನಿಗೆ ಕೇಳಿಸಿತೋ ಇಲ್ಲವೋ.

ಅರ್ಧ ಬೀದಿ ದಾಟಿದ ಮೇಲೆ ಅಕ್ಕ ಚೀಲವನ್ನು ನೆಲಕ್ಕಿಟ್ಟು ಕೈ ಕೊಡವಿಕೊಂಡರು. ಚೀಲ ಭಾರವಾಗಿತ್ತು, ಯಾರಿಗಾದರೂ ಕಾಣುವಂತಿತ್ತು. ನೀರಣ್ಣ ಗೇಟು ದಾಟಿ ಒಂದು ಹೆಜ್ಜೆ ಇಟ್ಟರು. ಅಲ್ಲೇ ನಿಂತರು. ಅಕ್ಕ ಚೀಲವನ್ನು ಇನ್ನೊಂದು ಕೈಗೆ ತೆಗೆದುಕೊಂಡು, ಮಂಡಿ ನೋಯುವವರು ನಡೆಯುವ ಹಾಗೆ ಸ್ವಲ್ಪ ವಾಲುತ್ತ ನಡೆದು, ತಿರುವು ದಾಟಿ ಮರೆಯಾದರು.

ಬಾಗಿಲುಗಳಲ್ಲಿದ್ದವರು ಒಳಗೆ ಹೋದರು. ನಾನು ನೀರಣ್ಣನ ಹತ್ತಿರ ಹೋದೆ. ಅವರು ಇನ್ನೂ ಆ ತಿರುವನ್ನೇ ನೋಡುತ್ತಿದ್ದರು.

"ತಿರುಗಿ ನೋಡಿದ್ಲು, ಅಲ್ವಾ?" ಎಂದರು.

ಅಕ್ಕ ತಿರುಗಿ ನೋಡಿರಲಿಲ್ಲ.

"ಹೂಂ ನೀರಣ್ಣ," ಎಂದೆ, "ನೋಡಿದ್ರು."